ಕತ್ತಿಯ ಭಾರವಷ್ಟೇ ಸಾಕು

ಜಹೀರಾಬಾದ್
6 ಫೆಬ್ರುವರಿ 2024

ಮಾವನವರಿಗೆ ರಜನಿಯ ಜೈ ಭೀಮ್.

ಆಪರೇಷನ್ ಆದ ಕಣ್ಣಿಗೆ ಈಗ ಸಣ್ಣ ಅಕ್ಷರವೂ ಕಾಣುತ್ತಿದೆ ಎಂದು ಪ್ರೇಮಲಕ್ಕ ಫೋನಿನಲ್ಲಿ ಹೇಳಿದರು. ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ನಿಮಗೆ ಫೋನು ಕೇಳಿಸುವುದಿಲ್ಲ. ನಿಮ್ಮ ಮಗಳ ಬಾಯಲ್ಲಿ ಹೇಳಿಸೋಣವೆಂದರೆ ಅವರು ಅರ್ಧ ಹೇಳಿ ಇನ್ನರ್ಧ ಒಲೆಯ ಹತ್ತಿರ ಮರೆತು ಬರುತ್ತಾರೆ.

ವಿಷಯ ಇಷ್ಟೆ. ನೀವು ತಾಂಡೂರಿಗೆ ಹೋಗುವಾಗ ಅಟ್ಟದ ಮೇಲೆ ಬಿಟ್ಟ ಪೆಟ್ಟಿಗೆಯನ್ನು ಮೊನ್ನೆ ಇಳಿಸಿದೆ. ನಿಮ್ಮ ಕ್ಷೌರದ ಕತ್ತಿ, ತೊಗಲಿನ ಪಟ್ಟಿ, ಬಟ್ಟೆಯಲ್ಲಿ ಸುತ್ತಿದ ನೀಲಿಗಪ್ಪು ಸಾಣೆಕಲ್ಲು ಎಲ್ಲ ಹಾಗೇ ಇವೆ. ಅಲಗಿಗೆ ಅಲ್ಲಲ್ಲಿ ತುಕ್ಕು ಹತ್ತಿದೆ. ಇದಕ್ಕೆ ಹರಿತ ಬರಿಸುವುದು ಹೇಗೆ, ಬರೆದು ಕಲಿಸುವಿರಾ? ನನ್ನ ಹೊಲಿಗೆಯ ಕತ್ತರಿಗೆ ಸಾಣೆ ಹಿಡಿಯುವವನು ಗಾಲಿಗೆ ಹಚ್ಚಿ ಕೊಡುತ್ತೇನೆ ಅಂದ. ಕಿಡಿ ಹಾರುವುದನ್ನು ನೋಡಿ ಮನಸ್ಸು ಬರಲಿಲ್ಲ, ವಾಪಸು ತಂದೆ.

ನಾವು ಆರಾಮ ಇದ್ದೇವೆ. ಆಟೋ ಗೇರ್ ಕೆಟ್ಟು ಸ್ವಲ್ಪ ದಿನದಿಂದ ನಿಂತಿದೆ, ಇವರು ಮನೆಯಲ್ಲೇ ಇದ್ದಾರೆ. ನೀವು ಎದೆಯ ಮಾತ್ರೆ ತಪ್ಪಿಸಬೇಡಿ.

ನಿಮ್ಮ ಸೊಸೆ
ರಜನಿ


ತಾಂಡೂರು
15 ಫೆಬ್ರುವರಿ 2024

ಮಗಳಂಥ ರಜನಿಗೆ ಅಂಜಪ್ಪನ ಜೈ ಭೀಮ್.

ಕಾಗದ ಬಂದಿದೆ ಎಂದು ಪ್ರೇಮಲಾ ಸನ್ನೆ ಮಾಡಿದಾಗ ಪಿಂಚಣಿಯದು ಇರಬೇಕೆಂದುಕೊಂಡೆ. ಒಡೆದರೆ ನನ್ನ ಕತ್ತಿಯ ಸುದ್ದಿ! ಅಳಿಯ ಜೈಪಾಲ ಕರಣಕೋಟದ ಸಿಮೆಂಟ್ ಕಾರ್ಖಾನೆಯಿಂದ ಬಂದಾಗ ಇನ್ನೂ ಅದನ್ನೇ ಓದುತ್ತ ಕುಳಿತಿದ್ದೆ.

ಗಾಲಿಗೆ ಕೊಡದೆ ಒಳ್ಳೆಯದು ಮಾಡಿದೆ. ಗಾಲಿಯ ಬಿಸಿಗೆ ಅಲಗಿನ ಜೀವ ಹೋಗುತ್ತದೆ.

ಆ ಕತ್ತಿ ನನ್ನ ಕೈಗೆ ಬಂದದ್ದು ಹೇಗೆಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನ್ಯಾಲ್ಕಲ್ ಕಡೆಯ ನಮ್ಮೂರಿನಲ್ಲಿ ಕ್ಷೌರದವನು ನಮ್ಮ ಕೇರಿಯವರನ್ನು ಮುಟ್ಟುತ್ತಿರಲಿಲ್ಲ. ಕೆಟ್ಟವನಲ್ಲ. ನಮ್ಮನ್ನು ಮುಟ್ಟಿದರೆ ಊರವರು ಅವನ ಕತ್ತಿಗೆ ಮುಖ ಕೊಡುತ್ತಿರಲಿಲ್ಲ. ನಮ್ಮ ಗಂಡಸರು ಹಳೆಯ ಬ್ಲೇಡಿನಿಂದ, ಗಾಜಿನ ಚೂರಿನಿಂದ ಕೆರೆದುಕೊಳ್ಳುತ್ತಿದ್ದರು. ಒಂದು ಮದುವೆಯಲ್ಲಿ ಮದುಮಗನ ಕೆನ್ನೆಯ ತುಂಬ ಗಾಯ, ಅರಿಶಿನ ಹಚ್ಚಿದರೆ ಉರಿಯುತ್ತಿದೆ ಎಂದು ಹುಡುಗ ಅತ್ತ. ಅದನ್ನು ನೋಡಿದ ಮೇಲೆ ಜಹೀರಾಬಾದ್ ಸಂತೆಯಲ್ಲಿ ಮರದ ಕೆಳಗೆ ಕ್ಷೌರ ಮಾಡುತ್ತಿದ್ದ ಒಬ್ಬ ಸಾಬರ ಮುದುಕನ ಹತ್ತಿರ ಹೋಗಿ ಕುಳಿತೆ. ಅವನು ಜಾತಿ ಕೇಳಲಿಲ್ಲ, ಹೆಸರೂ ಕೇಳಲಿಲ್ಲ. ನಾನು ಕಲ್ಲಿನ ಮೇಲೆ ಕತ್ತಿ ಒತ್ತಿದಾಗೆಲ್ಲ "ಜೋರ್ ನಕ್ಕೋ ಬೇಟಾ, ವಜನ್ ಬಸ್" ಅನ್ನುತ್ತಿದ್ದ. ಜೋರು ಬೇಡ, ಕತ್ತಿಯ ಭಾರವಷ್ಟೇ ಸಾಕು.

ನೀನೂ ಅಷ್ಟೇ ಮಾಡು. ಕಲ್ಲನ್ನು ನೀರಿನಲ್ಲಿ ನೆನೆಸು. ಕತ್ತಿಯನ್ನು ಪೂರಾ ಮಲಗಿಸು. ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗಿರಬೇಕು. ಬಾಯಿ ಮುಂದಾಗಿ ತಳ್ಳು. ಕಲ್ಲಿನ ಕೊನೆಗೆ ಬಂದಾಗ ಬೆನ್ನಿನ ಮೇಲೆ ಹೊರಳಿಸಿ ನಿನ್ನ ಕಡೆ ತಂದುಕೋ. ಬಾಯಿಯ ಮೇಲೆ ಹೊರಳಿಸಿದೆಯೋ, ಮಾಡಿದ್ದೆಲ್ಲ ಹೋಯಿತು.

ಒಂದು ಕೇಳಲೇ? ಇದನ್ನು ಕಲಿಯಬೇಕೆಂದಿರುವುದು ನೀನೋ, ನಿನ್ನ ಗಂಡ ಕ್ರಾಂತಿಯೋ? ಅವನಿಗೆ ಆ ಪೆಟ್ಟಿಗೆ ಕಂಡರೆ ಆಗುತ್ತಿರಲಿಲ್ಲ.

ಅಕ್ಷರ ಡೊಂಕಾಗಿವೆ. ಹೊಸ ಕಣ್ಣು, ಇನ್ನೂ ರೂಢಿಯಾಗಿಲ್ಲ.

ಅಂಜಪ್ಪ


ಜಹೀರಾಬಾದ್
24 ಫೆಬ್ರುವರಿ 2024

ಮಾವನವರಿಗೆ ಜೈ ಭೀಮ್.

ಹೌದು, ಇವರೇ ಕಲಿಯುತ್ತಿರುವುದು. ನಿಮಗೆ ಬರೆಯಲು ಸಂಕೋಚ. ಅದಕ್ಕೆ ನನ್ನ ಕೈಯಿಂದ ಬರೆಸುತ್ತಿದ್ದಾರೆ.

ನೀವು ಹೇಳಿದಂತೆಯೇ ಮಾಡಿದ್ದಾಯಿತು. ತುಕ್ಕು ಹೋಗಿದೆ, ಹರಿತ ಬಂದಿಲ್ಲ. ಮುಂಗೈ ಕೂದಲ ಮೇಲೆ ಎಳೆದರೆ ಕೂದಲು ಬಾಗಿ, ಕತ್ತಿ ದಾಟಿದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ, ನಗುತ್ತಿರುವ ಹಾಗೆ. ಅಲಗಿನ ಎರಡು ತುದಿಗಳಲ್ಲಿ ಸ್ವಲ್ಪ ಹೊಳಪಿದೆ, ನಡುವೆ ಏನೂ ಇಲ್ಲ. ಕಲ್ಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ನಡುವೆ ತಗ್ಗಾದಂತೆ ಕಾಣುತ್ತದೆ. ಅದಕ್ಕೆ ಹೀಗಾಗುತ್ತಿದೆಯೇ? ಅಥವಾ ಕೈಯದೇ ತಪ್ಪೋ?

ನಿಮ್ಮ ಅಕ್ಷರ ಓದಲು ಬರುತ್ತವೆ, ಚಿಂತೆ ಬೇಡ. ಕಣ್ಣಿಗೆ ಹನಿ ಹಾಕಿಕೊಳ್ಳುವುದು ಬಿಡಬೇಡಿ.

ರಜನಿ


ತಾಂಡೂರು
3 ಮಾರ್ಚ್ 2024

ಮಗ ಕ್ರಾಂತಿಕುಮಾರನಿಗೆ,

ಸೊಸೆಯ ಕಾಗದ ಓದಿದ ಮೇಲೆ ನಿನಗೇ ಬರೆಯಬೇಕು ಅನಿಸಿತು. ಸಂಕೋಚ ಯಾತಕ್ಕೆ? ಶಾಲೆಯಲ್ಲಿ ಹುಡುಗರು ನಿನ್ನನ್ನು ಕತ್ತಿ ಅಂಜನ ಮಗ ಎಂದು ಕರೆದದ್ದು, ನೀನು ಸಿಟ್ಟಿನಲ್ಲಿ ಪೆಟ್ಟಿಗೆಯನ್ನು ಹಿತ್ತಿಲಿಗೆ ಎಸೆದದ್ದು ನನಗೆ ಮರೆತುಹೋಗಿದೆ. ಮರೆತಿದ್ದರೆ ಹೇಗೆ ಬರೆದೆ ಎಂದು ನಗಬೇಡ. ನಿಮ್ಮವ್ವ ಈಶಮ್ಮ ಹೊಡೆಯಲು ಬಂದಾಗ "ಬಿಡು, ಅವನ ಕೈಗೆ ಇದಕ್ಕಿಂತ ಛಲೋ ಕೆಲಸ ಸಿಗ್ಲಿ" ಅಂದವನು ನಾನು. ಸಿಕ್ಕಿತು. ಸ್ವಂತ ಆಟೋ ಓಡಿಸುವ ಕೈ ಆಯಿತು. ಈಗ ಆ ಕೈ ತಾನಾಗಿ ಕಲ್ಲು ಮುಟ್ಟಿದೆ ಎಂದರೆ ನನಗೆ ಹೇಗಾಗಿರಬೇಡ.

ಕಲ್ಲು ತಗ್ಗಾಗಿರುವುದು ನಿಜ. ಅದು ಮನೂರಿನ ಕುರಿಗಾರ ಕಲ್ಯಾಣಪ್ಪ ಮಂಜೀರಾ ದಂಡೆಯಿಂದ ಆರಿಸಿ ಕೊಟ್ಟದ್ದು. ಉಣ್ಣೆ ಕತ್ತರಿಸುವ ಕತ್ತರಿಯನ್ನು ಅವರು ಅಂಥದೇ ಕಲ್ಲಿನಲ್ಲಿ ಮಸೆಯುತ್ತಿದ್ದರು. ನಾನು ಮಸೆದು ಮಸೆದು ನಡು ಸವೆದಿದೆ. ನಿಮ್ಮ ಬಚ್ಚಲಿಗೆ ಹಾಸಿರುವುದು ನಮ್ಮ ತಾಂಡೂರು ಬಂಡೆಯೇ ತಾನೇ? ಅದರ ಮೇಲೆ ಸಣ್ಣ ಮರಳು, ನೀರು ಹಾಕಿ ಕಲ್ಲನ್ನು ಬೋರಲಿಟ್ಟು ತಿಕ್ಕು. ಮೊದಲೇ ಪೆನ್ಸಿಲಿನಿಂದ ಕಲ್ಲಿನ ಮೈತುಂಬ ಗೆರೆ ಎಳೆದಿರು. ನಡುವಿನ ಗೆರೆಯೂ ಅಳಿಸಿದರೆ ಕಲ್ಲು ಸಮ ಆಯಿತು.

ಮಸೆಯುವಾಗ ಮಣಿಕಟ್ಟು ಸಡಿಲ ಬಿಡು. ಅಲಗಿನ ಮುಂದಿನ ನೀರನ್ನು ನೋಡು. ಮೊಂಡ ಕತ್ತಿ ನೀರನ್ನು ಮುಂದೆ ತಳ್ಳುತ್ತದೆ, ಹರಿತ ಬಂದಂತೆ ನೀರು ಅಲಗಿನ ಮೇಲೆ ಹತ್ತುತ್ತದೆ. ಕಲ್ಲು ಕತ್ತಿಯನ್ನು ಮೆಲ್ಲಗೆ ಹಿಡಿದುಕೊಂಡಂತೆ ಅಂಗೈಗೆ ಗೊತ್ತಾಗುತ್ತದೆ. ಕಿವಿ ಹೋದ ಮೇಲೆ ನಾನು ಅಂಗೈಯಿಂದಲೇ ಮಸೆದೆ. ಕೊನೆಗೆ ತೊಗಲಿನ ಪಟ್ಟಿಯ ಮೇಲೆ ಎಳೆ. ಅಲ್ಲಿ ಮಾತ್ರ ಬೆನ್ನು ಮುಂದೆ, ಬಾಯಿ ಹಿಂದೆ.

ಮುಖಕ್ಕೆ ಹಚ್ಚುವ ಮೊದಲು ಒಂದು ಎಳೆಯ ಸೋರೆಕಾಯಿ ತಾ. ಅದರ ಮೇಲೆ ಬೂದಿಯಂಥ ನವಿರು ಇರುತ್ತದೆ. ಸಿಪ್ಪೆಗೆ ಗೆರೆ ಬೀಳದಂತೆ ಆ ನವಿರನ್ನು ಬೋಳಿಸು. ಅದು ಬಂದರೆ ಮನುಷ್ಯರ ಕೆನ್ನೆ ಕಷ್ಟವಲ್ಲ.

ನಿನ್ನ ಕೈ ನನ್ನ ಕೈಯಂಥದೇ, ಉದ್ದ ಬೆರಳು. ಬೇಗ ಹಿಡಿಯುತ್ತೀ.

ನಿಮ್ಮಪ್ಪ


ಜಹೀರಾಬಾದ್
13 ಮಾರ್ಚ್ 2024

ಮಾವನವರಿಗೆ ಜೈ ಭೀಮ್.

ಈ ಕಾಗದವನ್ನು ಕುಳಿತು ಓದಿ. ಇವರು ಚೆನ್ನಾಗಿ ಉಣ್ಣುತ್ತಿದ್ದಾರೆ, ನಿದ್ದೆ ಮಾಡುತ್ತಿದ್ದಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸಂಕ್ರಾಂತಿ ಕಳೆದ ಮೇಲೆ ಇವರು ಬೆಲ್ಲ ತರಲು ಕಬ್ಬಿನ ಗಾಣಕ್ಕೆ ಆಟೋ ಒಯ್ದಿದ್ದರು. ಕುದಿಯುವ ಕೊಪ್ಪರಿಗೆ ಇಳಿಸುವಾಗ ಖಂಡೆಪ್ಪ ಎಂಬ ಕೂಲಿಯವನ ಕಾಲು ಜಾರಿತು. ಕೊಪ್ಪರಿಗೆ ಅವನ ಮೇಲೆ ವಾಲಿತು. ಇವರು ಹಿಂದೆಮುಂದೆ ನೋಡದೆ ಎರಡೂ ಕೈಯಿಂದ ಹಿಡಿದರು. ಪಾಕ ಕೈಗಳ ಮೇಲೆ ಚೆಲ್ಲಿತು, ಎಡಗೆನ್ನೆಗೂ ಸಿಡಿಯಿತು. ಖಂಡೆಪ್ಪನಿಗೆ ಏನೂ ಆಗಲಿಲ್ಲ. ಇವರ ಕೈಗಳು ಅಂದಿನಿಂದ ಬಟ್ಟೆಯಲ್ಲಿವೆ. ನಿಮ್ಮ ಎದೆಗೆ ತಡೆಯಲಿಕ್ಕಿಲ್ಲ ಎಂದು ಪ್ರೇಮಲಕ್ಕನೂ ನಾನೂ ಸೇರಿ ಮುಚ್ಚಿಟ್ಟೆವು. ಗೇರ್ ಕೆಟ್ಟಿದೆ ಎಂದದ್ದು ಅದಕ್ಕೇ.

ಗಡ್ಡ ಬೆಳೆದು ಕೆನ್ನೆಯ ಹೊಸ ಚರ್ಮಕ್ಕೆ ಚುಚ್ಚತೊಡಗಿತು. ನಾನು ಅಂಗಡಿಯ ರೇಜರ್ ಹಿಡಿದೆ. ಅದರಲ್ಲಿ ಬ್ಲೇಡು ಎಲ್ಲಿ ತಾಗುತ್ತಿದೆ ಎಂದೇ ಕಾಣುವುದಿಲ್ಲ. ಚರ್ಮ ಕಿತ್ತು ರಕ್ತ ಬಂತು. ಕ್ಷೌರದಂಗಡಿಯವರನ್ನು ಮನೆಗೆ ಕರೆಸುತ್ತೇನೆ ಅಂದರೆ ಗೋಡೆಯ ಕಡೆ ಹೊರಳಿದರು. ಒಂದು ದಿನ ಜ್ವರದಲ್ಲಿ "ಅಪ್ಪ ಆಗಿದ್ರ ಕತ್ತಿ ಇಟ್ಟಿದ್ದೇ ಗೊತ್ತಾಗ್ತಿದ್ದಿಲ್ಲ" ಅಂದರು. ಮರುದಿನವೇ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ.

ಕಲಿಯುತ್ತಿರುವವಳು ನಾನು, ಮಾವ. ಕ್ರಾಂತಿಯೋ ಎಂದು ನೀವು ಕೇಳಿದಿರಲ್ಲ, ಅಲ್ಲಿ ಇಲ್ಲ ಎಂದು ಬರೆಯಲು ಪೆನ್ನು ಮುಂದೆ ಹೋಗಲಿಲ್ಲ.

ನಿಮ್ಮ ಹೋದ ಕಾಗದ ಇವರ ಹೆಸರಿಗೆ ಬಂತು. ಓದಿ ಹೇಳು ಅಂದರು. ನಿನ್ನ ಕೈ ನನ್ನ ಕೈಯಂಥದೇ ಎಂಬ ಸಾಲಿಗೆ ಬಂದು ನಿಂತೆ.

"ಯಾಕ ನಿಂತಿ? ಓದು" ಅಂದರು. ಓದಿದೆ.

"ನಾನು ಕಲಿಯಾಕ ಹತ್ತೀನಿ ಅಂತ ಬರದೀಯೇನು ಅಪ್ಪಗ?"

"ಹೂಂ."

"ಯಾಕ?"

"ಭಾಳ ಆಶಾದಿಂದ ಕೇಳಿದ್ರು ಅವರು."

ಎದ್ದು ಹಿತ್ತಿಲಿಗೆ ಹೋದರು. ಸಿಟ್ಟು ಬಂದಿದೆ ಎಂದೇ ತಿಳಿದೆ. ಮಾರನೆಯ ದಿನ ನಾನು ಕಲ್ಲನ್ನು ಬಚ್ಚಲ ಬಂಡೆಯ ಮೇಲೆ ತಿಕ್ಕಿ ಸಮ ಮಾಡಿ, ಕತ್ತಿ ಮಸೆಯಲು ಕುಳಿತಾಗ ಬಂದು ಬಾಗಿಲ ಚೌಕಟ್ಟಿಗೆ ಒರಗಿ ಕುಳಿತರು. ಕಣ್ಣು ಮುಚ್ಚಿಕೊಂಡಿದ್ದರು.

"ಇದು ಕೆರದಂಗ ಕೇಳ್ತದ" ಅಂದರು. "ಅಪ್ಪ ಮಸೆದ್ರ ಹಿಂಗ ಕೇಳ್ತಿದ್ದಿಲ್ಲ. ರೇಶ್ಮಿ ಸೀರಿ ಮೆಲ್ಲಕ ಎಳದಂಗ ಕೇಳ್ತಿತ್ತು. ಜರಾ ಹಗೂರ ಹಿಡಿ, ರಜನಿ."

ಪೆಟ್ಟಿಗೆ ಕಂಡರೆ ಆಗದವರು ಇಷ್ಟು ವರ್ಷ ಆ ಸಪ್ಪಳವನ್ನು ಇಟ್ಟುಕೊಂಡಿದ್ದರು, ಮಾವ. ಈಗ ದಿನಾ ನಾನು ಮಸೆಯುತ್ತೇನೆ, ಇವರು ಕೇಳುತ್ತಾರೆ. ಇನ್ನೂ ಆ ಸಪ್ಪಳ ಬಂದಿಲ್ಲ.

ಬೈಯುವುದಿದ್ದರೆ ಬೈದು ಬರೆಯಿರಿ. ಸುಮ್ಮನಿರಬೇಡಿ.

ರಜನಿ


ತಾಂಡೂರು
21 ಮಾರ್ಚ್ 2024

ಕ್ರಾಂತಿಗೂ ರಜನಿಗೂ,

ಓದಿದೆ. ಎದೆಗೆ ಏನೂ ಆಗಲಿಲ್ಲ. ಕಿವಿ ಹೋದವನಿಗೆ ಎದೆಯೂ ಹೋಗಿರುತ್ತದೆ ಎಂದು ನೀವೆಲ್ಲ ಸೇರಿ ನಿರ್ಧಾರ ಮಾಡಿದಿರಲ್ಲ, ಅದಕ್ಕೆ ಸಿಟ್ಟು ಬಂತು. ಪ್ರೇಮಲಾಳ ಮೇಲೆ ಮುನಿಸಿಕೊಂಡು ಒಂದು ಹೊತ್ತು ಉಣ್ಣದೆ ಕುಳಿತೆ. ಆಮೇಲೆ ಇಳಿಯಿತು.

ಕ್ರಾಂತಿ, ನಿನ್ನ ಕೈ ನನ್ನ ಕೈಯಂಥದು ಎಂದು ಬರೆದಿದ್ದೆ. ಅಲ್ಲ. ನನ್ನದು ಗಡ್ಡ ತೆಗೆದ ಕೈ. ನಿನ್ನದು ಒಬ್ಬ ಮನುಷ್ಯನನ್ನು ಉಳಿಸಿದ ಕೈ.

ರಜನಿ, ಮೊದಲು ಡಾಕ್ಟರನ್ನು ಕೇಳು. ಅವರು ಆಗಲಿ ಅಂದ ಮೇಲೆ ಉಗುರುಬೆಚ್ಚಗಿನ ನೀರಿನ ಬಟ್ಟೆ ಇಟ್ಟು ಗಡ್ಡ ಮೆತ್ತಗೆ ಮಾಡು. ಕೂದಲು ಇಳಿದ ಕಡೆಗೇ ಎಳೆ. ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಹಿಡಿ. ಗಾಯದ ಮೇಲೆ ಹೋಗಬೇಡ, ಅಂಚಿನಲ್ಲಿ ಕತ್ತಿಯ ಮೂಗಿನಿಂದಷ್ಟೇ ಸುತ್ತು. ಕೈ ನಡುಗಿದರೆ ಕತ್ತಿ ಕೆಳಗಿಟ್ಟು ಎದ್ದುಬಿಡು. ನಡುಗುವ ಕೈ ಕತ್ತಿ ಹಿಡಿಯಬಾರದು.

ಕಲ್ಲಿನ ಸಪ್ಪಳ ರೇಶ್ಮೆ ಸೀರೆಯಂತೆ ಇತ್ತೇ? ನನಗೆ ಮರೆತಿತ್ತು. ಅದು ಬಂದ ದಿನ ತಿಳಿಸಿ.

ನಾನು ಆರಾಮ ಇದ್ದೇನೆ. ಬಂದು ನೋಡಬೇಕೆಂದಿದ್ದೆ. ಬಿಸಿಲು ಬಹಳ.

ಅಪ್ಪ


(ಅದೇ ಲಕೋಟೆಯಲ್ಲಿ ಮಡಿಸಿಟ್ಟ ಚೀಟಿ)

ರಜನಿ,

ಅಪ್ಪನ ಲಕೋಟೆ ಅಂಟಿಸುವ ಕೆಲಸ ನನ್ನದು. ಅದಕ್ಕೇ ಇದನ್ನು ಒಳಗೆ ತುರುಕುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಅತ್ತುಬಿಡುತ್ತೇನೆ.

ಬಿಸಿಲಿನ ಮಾತು ನಂಬಬೇಡ. ನಿನ್ನ ಕಾಗದ ಓದಿದವರೇ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿದ್ದರು. ಜೈಪಾಲ ಹುಡುಕಿಕೊಂಡು ಹೋದಾಗ ಕಿಸೆಯಿಂದ ತೆಗೆದ ಚಿಲ್ಲರೆಯನ್ನು ನೆಲಕ್ಕೆ ಚೆಲ್ಲಿ, ಎತ್ತಲಾಗದೆ ನಿಂತಿದ್ದರಂತೆ. ಅಪ್ಪನ ಕೈ ನಡುಗುತ್ತದೆ. ದಸರಾದ ಹೊತ್ತಿಗೇ ಸುರುವಾಯಿತು. ನರದ ತೊಂದರೆ, ಮಾತ್ರೆ ನಡೆದಿದೆ. ಅಕ್ಷರ ಡೊಂಕಾದದ್ದು ಕಣ್ಣಿನಿಂದ ಅಲ್ಲ. ಒಂದು ಕಾಗದಕ್ಕೆ ಇಡೀ ಮಧ್ಯಾಹ್ನ ಬೇಕು, ಆದರೂ ನನ್ನ ಕೈಗೆ ಪೆನ್ನು ಕೊಡುವುದಿಲ್ಲ.

ಅಂದಿನಿಂದ ಗಡ್ಡವೂ ತೆಗೆದಿಲ್ಲ. ಕೊರಳು ಮುಚ್ಚುವಷ್ಟು ಬೆಳೆದಿದೆ. ಮೊನ್ನೆ ಬಂಡೆ ಹೇರುವ ಗಾಡಿಯವನು ಯಾರೋ ಸಾಧು ಎಂದು ಕಾಲಿಗೆ ಬಿದ್ದ. ಅಪ್ಪ ಅವನಿಗೆ ಜೈ ಭೀಮ್ ಅಂದರು. ಜೈಪಾಲ ಒಮ್ಮೆ ಅಂಗಡಿಗೆ ಕರೆದೊಯ್ದಿದ್ದರು. ಕುರ್ಚಿಯ ಮೇಲೆ ಕುಳಿತರಂತೆ. ಆ ಹುಡುಗ ಗದ್ದಕ್ಕೆ ಕೈ ಹಾಕುತ್ತಲೇ ಕೊರಳ ಬಟ್ಟೆಯ ಸಮೇತ ಎದ್ದು ಹೊರಗೆ ಬಂದರಂತೆ. ಯಾಕೆಂದು ನಮಗೆ ಇಂದಿಗೂ ಗೊತ್ತಿಲ್ಲ. ನಾನು ತೆಗೆಯುತ್ತೇನೆ ಅಂದರೆ "ನಿನಗ ತರಕಾರಿನೇ ಹೆಚ್ಚಾಕ ಬರಲ್ಲ" ಅನ್ನುತ್ತಾರೆ.

ಆ ಕಡೆಯ ಗುಟ್ಟು, ಈ ಕಡೆಯ ಗುಟ್ಟು ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಸಾಕಾಗಿದೆ. ನಿನ್ನದು ಹೊರಗೆ ಬಂತು, ಅಪ್ಪನದೂ ಬರಲಿ.

ಪ್ರೇಮಲಾ


ಜಹೀರಾಬಾದ್
6 ಏಪ್ರಿಲ್ 2024

ಮಾವನವರಿಗೆ ಜೈ ಭೀಮ್.

ಸಪ್ಪಳ ಬಂತು.

ಯುಗಾದಿಯ ಸಾಮಾನಿಗೆಂದು ಹೋದವಳು ಸೋರೆಕಾಯಿಯನ್ನೂ ತಂದಿದ್ದೆ. ಮೊದಲಿನ ಕಾಯಿಗಳೆಲ್ಲ ಗೀರುಬಿದ್ದು ಪಲ್ಯವಾದವು. ಇವರಿಗೆ ಈಗ ಸೋರೆಕಾಯಿ ಕಂಡರೆ ಆಗುವುದಿಲ್ಲ. ಆ ದಿನ ಮಸೆಯುತ್ತ ಹೊಲಿಗೆಯ ಬಗ್ಗೆ ಏನೋ ಯೋಚಿಸುತ್ತಿದ್ದೆ, ಕೈಯ ಮೇಲೆ ಗಮನವೇ ಇರಲಿಲ್ಲ. ಇವರು ಒಮ್ಮೆಲೇ "ಹಾಂ! ಅದೇ, ಅದೇ! ನಿಲ್ಲಬ್ಯಾಡ" ಎಂದು ಕೂಗಿದರು. ನೋಡಿದರೆ ನೀರು ಅಲಗಿನ ಮೇಲೆ ಹತ್ತುತ್ತಿತ್ತು. ಪಟ್ಟಿಗೆ ಎಳೆದು ಮುಂಗೈಗೆ ಹಚ್ಚಿದೆ. ಕೂದಲು ತಾವಾಗಿ ಬಿದ್ದವು. ಸೋರೆಕಾಯಿಯ ನವಿರೂ ಹೋಯಿತು, ಸಿಪ್ಪೆಗೆ ಒಂದು ಗೆರೆಯಿಲ್ಲ.

ಡಾಕ್ಟರನ್ನು ಕೇಳಿ, ನಿನ್ನೆ ಬೆಳಿಗ್ಗೆ ಇವರನ್ನು ಕಿಟಕಿಯ ಹತ್ತಿರ ಕೂರಿಸಿದೆ. ಮೊದಲು ಕೈ ನಡುಗಿತು. ನೀವು ಹೇಳಿದಂತೆ ಕತ್ತಿ ಇಟ್ಟು ಎದ್ದೆ, ಚಹಾ ಮಾಡಿ ಕುಡಿಸಿ, ನಾನೂ ಕುಡಿದು, ಮತ್ತೆ ಕುಳಿತೆ. ಬಲಗೆನ್ನೆ ಸುಲಭವಾಗಿ ಬಂತು. ಎಡಗೆನ್ನೆಯ ಗಾಯದ ಅಂಚಿಗೆ ಬಂದಾಗ ಕತ್ತಿಯ ಮೂಗಿನಿಂದಷ್ಟೇ ಸುತ್ತಿದೆ. ಒಂದು ಹನಿ ರಕ್ತ ಬರಲಿಲ್ಲ. ಮುಖ ತೊಳೆದು ಕನ್ನಡಿ ಹಿಡಿದೆ. ಗಾಯವಾದ ಮೇಲೆ ಇವರು ಕನ್ನಡಿ ನೋಡಿರಲಿಲ್ಲ. ಬಹಳ ಹೊತ್ತು ನೋಡಿದರು. ಕೆನ್ನೆಯ ಮೇಲೆ ನಕ್ಷೆಯ ಹಾಗೆ ಗುಲಾಬಿ ಕಲೆ.

"ಹೆಂಗ ಕಾಣ್ತೀನಿ?" ಅಂದರು.

"ನನ್ನ ಗಂಡ ಕಂಡಂಗ ಕಾಣ್ತೀರಿ."

ನಕ್ಕರು. ಆಮೇಲೆ ಅತ್ತರು. ಕಣ್ಣೊರೆಸಿಕೊಳ್ಳಲು ಕೈ ಆಗುವುದಿಲ್ಲವಲ್ಲ, ನಾನೇ ಒರೆಸಿದೆ. ಸಂಜೆ ಅಂಗಿ ಹಾಕಿಸಿಕೊಂಡು ಬೀದಿಯ ತಿರುವಿನವರೆಗೆ ನಡೆದು ಬಂದರು. ಡಾಕ್ಟರು ಬೆರಳ ಬಟ್ಟೆ ಬಿಚ್ಚಿದ್ದಾರೆ. ಬಲಗೈ ಬೆರಳು ರೊಟ್ಟಿ ಹಿಡಿಯುವಷ್ಟು ಬಾಗುತ್ತವೆ. ಆಟೋದ ಹ್ಯಾಂಡಲ್ ಹಿಡಿಯಲು ಇನ್ನೂ ತಡವಾಗುತ್ತದೆ ಎಂದಿದ್ದಾರೆ.

ಮಾವ, ಲಕೋಟೆಯಲ್ಲಿ ಇನ್ನೊಂದು ಚೀಟಿಯೂ ಇತ್ತು. ಪ್ರೇಮಲಕ್ಕನನ್ನು ಬೈಯಬೇಡಿ. ನಿಮ್ಮ ಕೈಯ ಸಂಗತಿ ನೀವೂ ಮುಚ್ಚಿಟ್ಟಿರಿ, ಲೆಕ್ಕ ಸರಿಹೋಯಿತು. ಭೀಮ ಜಯಂತಿ ಮುಗಿದ ಮಾರನೆಯ ಭಾನುವಾರ ಬಸ್ಸಿಗೆ ಬರುತ್ತೇವೆ. ಕಲ್ಲು, ಕತ್ತಿ ತರುತ್ತೇನೆ. ನೀವು ಬೇಡ ಅಂದರೆ ಹಾಗೇ ವಾಪಸು ತರುತ್ತೇನೆ, ಒತ್ತಾಯವಿಲ್ಲ.

ರಜನಿ


ತಾಂಡೂರು
27 ಏಪ್ರಿಲ್ 2024

ರಜನಿಗೆ,

ಇದನ್ನು ನಾನು ಹೇಳುತ್ತಿದ್ದೇನೆ, ಪ್ರೇಮಲಾ ಬರೆಯುತ್ತಿದ್ದಾಳೆ. ಕೊನೆಗೂ ಪೆನ್ನು ಕೊಟ್ಟೆ. ಅವಳ ಅಕ್ಷರ ನನ್ನ ನಡುಗುವ ಅಕ್ಷರಕ್ಕಿಂತ ಕೆಟ್ಟದಾಗಿವೆ. (ಇದನ್ನೂ ಬರೆ ಅಂದರು, ಬರೆದಿದ್ದೇನೆ — ಪ್ರೇಮಲಾ.)

ಭಾನುವಾರ ನೀವಿಬ್ಬರೂ ಬಂದು ಹೋದ ಮೇಲೆ ಮನೆ ಒಂದು ನಮೂನೆ ಆಗಿದೆ. ಆ ದಿನ ನಾನು ಏನೂ ಮಾತಾಡಲಿಲ್ಲ. ನಿನಗೆ ಬೇಸರವಾಗಿರಬಹುದು. ಅದಕ್ಕೆ ಈಗ ಹೇಳುತ್ತೇನೆ.

ಸಣ್ಣವನಿದ್ದಾಗ ನಾವು ಕೇರಿಯ ಹುಡುಗರು ಊರ ಕಟ್ಟೆಯ ಹತ್ತಿರ ಕ್ಷೌರ ನೋಡುತ್ತ ನಿಲ್ಲುತ್ತಿದ್ದೆವು. ಹತ್ತಿರ ಹೋದರೆ ಕ್ಷೌರದವನು ಕೈ ಎತ್ತುತ್ತಿದ್ದ, ಹೊಡೆಯಲು ಅಲ್ಲ, ದೂರ ಸರಿಯಿರಿ ಎಂದು. ಈ ಊರಿನ ಅಂಗಡಿಯ ಹುಡುಗ ಒಳ್ಳೆಯವನು, "ಕುಂದ್ರಿ ತಾತಾ" ಎನ್ನುವಂತೆ ಸನ್ನೆ ಮಾಡಿ ಕೂರಿಸಿದ. ಆದರೆ ಅವನ ಕೈ ಮುಖದ ಕಡೆ ಬರುತ್ತಲೇ ನನ್ನ ಮೈ ತಾನಾಗಿ ಎದ್ದುಬಿಟ್ಟಿತು. ಇಷ್ಟು ವಯಸ್ಸಾದರೂ ಮೈ ಮರೆತಿಲ್ಲ. ನಿನ್ನ ಮುಂದೆಯೂ ಎದ್ದುಬಿಡುತ್ತೇನೇನೋ ಎಂದು ಹೆದರಿ ಕುರ್ಚಿಯ ಕೈ ಹಿಡಿದುಕೊಂಡಿದ್ದೆ.

ಮೊದಲು ಕ್ರಾಂತಿ ಬಂದ. ಬ್ರಶ್ಶನ್ನು ಎರಡು ಅಂಗೈಗಳ ನಡುವೆ ಕೈ ಮುಗಿದವನ ಹಾಗೆ ಹಿಡಿದುಕೊಂಡು ನನ್ನ ಕೆನ್ನೆಗೆ ಸೋಪು ಹಚ್ಚಿದ. ಮೂಗಿಗೆ, ಕಿವಿಗೆ ಎಲ್ಲ ಹಚ್ಚಿದ. ಆ ಬೆರಳ ಕಲೆಗಳನ್ನು ಅಷ್ಟು ಹತ್ತಿರದಿಂದ ನೋಡಿದೆ. ಆಮೇಲೆ ನೀನು ಗದ್ದದ ಕೆಳಗೆ ಕೈಯಿಟ್ಟು ಮುಖ ಎತ್ತಿದೆ.

ರಜನಿ, ನಮ್ಮ ಕೇರಿಯಲ್ಲಿ ನಾನು ಗದ್ದ ಹಿಡಿಯದ ಗಂಡಸಿಲ್ಲ. ಮದುಮಕ್ಕಳದು ಹಿಡಿದಿದ್ದೇನೆ, ಮಣ್ಣಿಗೆ ಹೋಗುವವರದು ಹಿಡಿದಿದ್ದೇನೆ. ಎಲ್ಲರಿಗೂ "ಮ್ಯಾಲ ನೋಡು, ಅಲುಗಾಡಬ್ಯಾಡ" ಅನ್ನುತ್ತಿದ್ದೆ. ನನ್ನದನ್ನು ನಾನೇ ತೆಗೆದುಕೊಳ್ಳುತ್ತಿದ್ದೆ, ಇನ್ನು ಯಾರು ತೆಗೆಯಬೇಕು? ಹುಟ್ಟಿದ ಮೇಲೆ ನನ್ನ ಗದ್ದ ಹಿಡಿದು ಮುಖ ಎತ್ತಿದವಳು ನೀನೊಬ್ಬಳೇ. ಮುಖ ಎತ್ತಿದಾಗ ಕಣ್ಣು ಎಲ್ಲಿಡಬೇಕೆಂದು ನನಗೆ ಗೊತ್ತಾಗಲಿಲ್ಲ. ಅದಕ್ಕೇ ಮುಚ್ಚಿಕೊಂಡೆ. ನೋವಾಯಿತೇನೋ ಎಂದು ನೀನು ಕೈ ನಿಲ್ಲಿಸಿದೆ. ನೋವಲ್ಲ.

ಒಂದು ತಪ್ಪು ಹೇಳಬೇಕು: ಕಿವಿಯ ಕೆಳಗೆ ಇನ್ನೂ ಒತ್ತುತ್ತೀ. ಉಳಿದದ್ದೆಲ್ಲ ಸರಿಯಿತ್ತು.

ಗಡ್ಡ ಮತ್ತೆ ಚುಚ್ಚುವಷ್ಟು ಬಂದಿದೆ. ಜೈಪಾಲ ಅಂಗಡಿಗೆ ಬರುತ್ತೀರಾ ಎಂದು ನಿನ್ನೆ ಸನ್ನೆ ಮಾಡಿ ಕೇಳಿದ. ಇರಲಿ ಬಿಡು, ನನ್ನ ಸೊಸೆ ಬರುತ್ತಾಳೆ ಅಂದೆ.

ಅಂಜಪ್ಪ